ಮೇಷ್ಟ್ರ ಎಂಡ

ಆಂಧ್ರದ ಗಡಿಯ ರಾಯಲ್ಪಾಡಿನಲ್ಲಿ ಹುಟ್ಟಿದವರ ಬಾಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು. ಹಾಗಾಗಿ ಪ್ರೊಫೆಸರ್ ಅಮರನಾಥ್ ಮೇಷ್ಟ್ರು ಬಿಸಿಲನ್ನು ಬಿಸಿಲು ಅಂದವರೇ ಅಲ್ಲ. ಅವರಿಗದು ತೆಲುಗಿನ ಎಂಡ. ಕೋಲಾರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ತಲೆ ನರೆತರೂ ಆ ಮಾತು ಬಿಡಲಿಲ್ಲ. ಅದರಿಂದ ಯಾರ ಗಂಟೂ ಹೋಗಿರಲಿಲ್ಲ. ಈಗ ನೋಡಿ, ಮಗಳ ಬ್ರಹ್ಮಗಂಟಿಗೇ ಕುತ್ತು ಬಂತು.

ಮಗಳು ರಂಜಿತ ನರಸಾಪುರದ ಫ್ಯಾಕ್ಟರಿಯಲ್ಲಿ ಇಂಜಿನಿಯರು. ಜೊತೆಗೆ ಕೆಲಸ ಮಾಡುವ ಮುರಳಿಮೋಹನನನ್ನು ಕಂಪನಿ ಬಸ್ಸಿನಲ್ಲೇ ಮೆಚ್ಚಿದ್ದಳು. ಅವನ ತಾಯಿ ಶಾಮಲಮ್ಮ ಮಂಡ್ಯದ ಕಡೆಯವರು. ಅಲ್ಲಿ ಹಳ್ಳಿಯ ಬಾಯಿ ‘ಹ’ಕಾರವನ್ನು ನುಂಗುತ್ತದೆ, ಹೆಂಡವೂ ಎಂಡವೇ. ಆ ಹೆಂಡ ಶಾಮಲಮ್ಮನ ಗಂಡನನ್ನೇ ನುಂಗಿತ್ತು. ಕುಡುಕರ ಮನೆಯ ಸಂಬಂಧ ಸತ್ತರೂ ಬೇಡ ಎಂದು ಆಕೆ ಅಂದೇ ಶಪಥ ಮಾಡಿದ್ದರು.

ಹೆಣ್ಣು ನೋಡುವ ದಿನ ಶಾಮಲಮ್ಮ ಅಣ್ಣನನ್ನು ಕರೆದುಕೊಂಡು ಬಂದರು. ನೋಡಿದ ಹುಡುಗಿಯನ್ನು ಮತ್ತೆ ನೋಡುವುದೇನಿದೆ ಎಂದು ಮುರಳಿ ಶಿಫ್ಟಿಗೆ ಹೋಗಿದ್ದ. ರಂಜಿತ ಒಳಗೆ ಸೀರೆಯ ನೆರಿಗೆಯ ಜೊತೆ ಗುದ್ದಾಡುತ್ತಿದ್ದಳು. ಮೇಷ್ಟ್ರು ಕಾಲೇಜಿನಿಂದ ತಡವಾಗಿ ಬಂದರು, ಕಣ್ಣು ಕೆಂಡದಂತೆ ಕೆಂಪಾಗಿತ್ತು.

“ತಪ್ಪು ತಿಳೀಬೇಡಿ ಅಮ್ಮಾ, ಎಂಡ ಜಾಸ್ತಿಯಾಗಿ ತಲೆ ಗಿರ್ ಅಂತಿದೆ.”

ಶಾಮಲಮ್ಮನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. “ದಿನಾಲೂ ಇದೇನಾ?”

“ಅಭ್ಯಾಸ ಆಗೋಗಿದೆ. ಹುಡುಗರನ್ನೂ ಎಂಡಕ್ಕೆ ಎಳೀತೀನಿ. ಎಂಡ ಇಲ್ದಿದ್ರೆ ನನ್ನ ಪಾಠ ಯಾರ ತಲೆಗೂ ಹತ್ತಲ್ಲ.”

“ಎಷ್ಟು ಬಡ್ಕೊಂಡ್ರೂ ಕೇಳಲ್ಲ ಇವರು. ಒಂದಿನ ಎಲ್ಲಾದ್ರೂ ಬಿದ್ದೋಗ್ತಾರೆ,” ಎಂದು ಹೆಂಡತಿ ಸುನಂದ ಉರಿಯುವ ಬೆಂಕಿಗೆ ತುಪ್ಪ ಸುರಿದರು.

ಶಾಮಲಮ್ಮ ಕಾಫಿಯನ್ನು ಹಾಗೇ ಇಟ್ಟು ಎದ್ದರು.

ಮರುದಿನ ಬಸ್ಸಿನಲ್ಲಿ ಮುರಳಿ ಕಿಟಕಿಯ ಕಡೆ ನೋಡುತ್ತಾ ಹೇಳಿದ. “ಅಮ್ಮ ಬೇಡ ಅಂತಿದಾರೆ ಕಣೇ. ನಿಮ್ಮಪ್ಪ ಕುಡೀತಾರಂತೆ. ಅವರ ಬಾಯಿಂದಾನೇ ಕೇಳಿದ್ರಂತೆ.”

ರಂಜಿತಳಿಗೆ ಮೊದಲು ನಗು ಬಂತು, ಆಮೇಲೆ ಅಳು. ಕೆಮ್ಮಿನ ಔಷಧಿಯನ್ನೂ ಮೂಗು ಹಿಡಿದು ಕುಡಿಯುವ ಅಪ್ಪ. ಚಿಕ್ಕವಳಿದ್ದಾಗ ಜಡೆ ಹಾಕುತ್ತಾ ಗುರುತ್ವಾಕರ್ಷಣೆ ಹೇಳಿಕೊಟ್ಟ ಅಪ್ಪ. ಜಡೆ ಸೊಟ್ಟಗಾಗುತ್ತಿತ್ತು, ಪಾಠ ಮಾತ್ರ ನೆಟ್ಟಗಿರುತ್ತಿತ್ತು. ಮದುವೆ ಹೋದರೆ ಎದೆ ಒಡೆಯುತ್ತದೆ, ನಿಜ. ಅದಕ್ಕಿಂತ ಅಪ್ಪನ ಹೆಸರಿಗೆ ಈ ಮಸಿ ಹತ್ತಿದ್ದು ಅವಳಿಗೆ ತಡೆಯಲಾಗಲಿಲ್ಲ.

“ನಾಳೆ ನಿಮ್ಮಮ್ಮನ್ನ ಕಾಲೇಜಿಗೆ ಕರ್ಕೊಂಡ್ ಬಾ. ಅಪ್ಪನಿಗೆ ಹೇಳೋದು ಬೇಡ. ಅಪ್ಪ ಎಂಥೋರು ಅಂತ ಅವರೇ ಕಣ್ಣಾರೆ ನೋಡ್ಲಿ.”

ಮರುದಿನ ಮೂವರೂ ಕಾಲೇಜಿನ ಗೇಟಿನ ಬಳಿ ನಿಂತರು. ಬಯಲಿನಲ್ಲಿ ಮೇಷ್ಟ್ರು ಬರಿತಲೆಯಲ್ಲಿ ಒಂದು ಕೋಲು ನೆಟ್ಟು, ಅದರ ನೆರಳಿನಿಂದ ಕಟ್ಟಡದ ಎತ್ತರ ಲೆಕ್ಕ ಹಾಕಿಸುತ್ತಿದ್ದರು. ಹುಡುಗರು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಸುತ್ತಲೂ ಮುತ್ತಿದ್ದರು. ಅಷ್ಟರಲ್ಲಿ ಮೋಡವೊಂದು ಅಡ್ಡ ಬಂದು ನೆರಳು ಮಾಯವಾಯಿತು.

“ಸಾರ್, ಎಂಡ ಹೋಯ್ತು,” ಎಂದ ಕದಿರೇಶ ಎಂಬ ಹುಡುಗ.

“ತಾಳ್ರೋ. ಮೋಡ ಸರಿದ್ರೆ ಎಂಡ ತಾನಾಗೇ ಬರುತ್ತೆ.”

ಶಾಮಲಮ್ಮ ಆಕಾಶ ನೋಡಿದರು, ಮಗನ ಮುಖ ನೋಡಿದರು. “ಇದೇನ್ಲಾ ಮಗ, ಇವರ ಎಂಡ ಮ್ಯಾಲಿಂದ ಬೀಳ್ತದಾ?”

ಮುರಳಿ ಹಣೆ ಚಚ್ಚಿಕೊಂಡ. “ಅವರು ಅಂದಿದ್ದು ಇದಾ? ಈ ಕಡೆ ಎಂಡ ಅಂದ್ರೆ ಬಿಸಿಲು ಕಣಮ್ಮ.”

ಶಾಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಎಂಡ ಅನ್ನುವ ಮಾತು ಕೇಳಿ ಅವರು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಮೋಡ ಸರಿದು ಬಿಸಿಲು ಮತ್ತೆ ಸುರಿಯಿತು. ಅವರನ್ನು ಕಂಡು ಮೇಷ್ಟ್ರು ಗಾಬರಿಯಿಂದ ಓಡಿ ಬಂದರು. “ಅಯ್ಯೋ, ಈ ಎಂಡದಲ್ಲಿ ಯಾಕೆ ಬಂದ್ರಮ್ಮಾ?”

ಶಾಮಲಮ್ಮ ಕಣ್ಣೊರೆಸಿಕೊಂಡು, ತಮ್ಮ ಛತ್ರಿ ಬಿಚ್ಚಿ ಮೇಷ್ಟ್ರ ಕೈಗೆ ಕೊಟ್ಟರು. “ಬೀಗ್ರೆ, ಮದ್ವೆ ಮುಗಿಯೋಗಂಟ ಎಂಡ ವಸಿ ಕಮ್ಮಿ ಮಾಡಿ. ನೀವು ತಲೆ ತಿರುಗಿ ಬಿದ್ರೆ ಧಾರೆ ಎರಿಯೋರ್ಯಾರು?”