ಬೊಚ್ಚುಬಾಯಿಯ ಹಾಡು

ಹಾಸ್ಟೆಲಿನ ಮೂವತ್ತೊಂದನೇ ಕೋಣೆಯಲ್ಲಿ ಮೊದಲ ಹದಿನೈದು ದಿನ ಆ ಇಬ್ಬರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳು ಉದ್ದಕ್ಕೆ, ತೆಳ್ಳಗೆ. ಕತ್ತು ಮುಂದೆ ಚಾಚಿ ನಡೆಯುತ್ತಿದ್ದುದರಿಂದ ಅವಳಿಗೆ ಕೊಕ್ಕರೆ ಎಂದೇ ಹೆಸರು ಬಿದ್ದಿತ್ತು. ಇನ್ನೊಬ್ಬಳು ಅವಳ ಭುಜದಷ್ಟೂ ಎತ್ತರವಿರಲಿಲ್ಲ, ಆದರೆ ಬಾಯಿ ತೆರೆದರೆ ಎದುರಿಗಿದ್ದವರ ಕಣ್ಣಲ್ಲಿ ನೀರು ಬರಬೇಕು. ಹಾಗಾಗಿ ಅವಳು ಮೆಣಸು. ಕೊಕ್ಕರೆಗೆ ಬಟ್ಟೆ ಮಡಿಸುವಾಗಲೂ ಹಾಡು ಬೇಕು, ಮೆಣಸಿಗೆ ಓದುವಾಗ ಸೂಜಿ ಬಿದ್ದ ಸದ್ದೂ ಆಗದು. ಎಣ್ಣೆ ಸೀಗೆಕಾಯಿ ಸಂಬಂಧ.

ಹದಿನಾರನೆಯ ದಿನ ಮೆಣಸು ತಡೆಯಲಾರದೆ ಪುಸ್ತಕ ಕೆಳಗಿಟ್ಟಳು. "ಲೇ, ಹಾಡೋದಾದ್ರೆ ತಾಳಕ್ಕೆ ಸರಿಯಾಗಿ ಹಾಡು. ಎರಡನೇ ಸಾಲಲ್ಲಿ ದಿನಾ ಮುಗ್ಗರಿಸ್ತೀಯ," ಎಂದು ಪುಸ್ತಕದ ರಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದಳು. ಕೊಕ್ಕರೆಗೆ ಮೈಯೆಲ್ಲ ಉರಿಯಿತು. ಆದರೂ ಆ ತಾಳಕ್ಕೆ ಹಾಡಿ ನೋಡಿದಳು, ಸಾಲು ನೆಟ್ಟಗೆ ನಿಂತಿತು. ಜಗಳ ಅಲ್ಲಿಗೆ ಮುಗಿಯಿತೆಂದಲ್ಲ, ಅಂದಿನಿಂದ ಜಗಳಕ್ಕೊಂದು ಕೆಲಸ ಸಿಕ್ಕಿತು.

ಮೆಣಸು ಗಿಟಾರು ಹಿಡಿದಳು. ಕೋಣೆಯಲ್ಲಿ ಅದನ್ನು ಬಾರಿಸಕೂಡದೆಂದು ವಾರ್ಡನ್ ಗದರಿದಾಗ ಇಬ್ಬರೂ ಬಟ್ಟೆ ಒಣಹಾಕುವ ಕೋಣೆಗೆ ಹೋದರು. ಸುತ್ತ ನೇತಾಡುವ ದುಪ್ಪಟಿಗಳ ನಡುವೆ ದನಿ ಒಂದಿಷ್ಟೂ ಮಾರ್ದನಿಸದೆ ಕೇಳುತ್ತಿತ್ತು. ಮೊದಲ ನಾಲ್ಕು ಹಾಡುಗಳನ್ನು ಅಲ್ಲೇ ಹಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಹಾಕುವಾಗ ಆ ಸೈಟು ತಂಡದ ಹೆಸರು ಕೇಳಿತು. ಮೆಣಸಿನ ನೆತ್ತಿಯ ಮೇಲೆ ದುಪ್ಪಟಿಯ ನೀರು ತೊಟ್ಟಿಕ್ಕುತ್ತಿತ್ತು, "ಒದ್ದೆ ದುಪ್ಪಟಿ ಅಂತ ಬರಿ" ಎಂದಳು. ಅದೇ ಹೆಸರಿನಲ್ಲಿ ಹತ್ತು ವರ್ಷ ಹಾಡಿದರು. ಯಾವ ಸಂಗೀತ ಕಂಪನಿಯೂ ಅವರನ್ನು ಕರೆಯಲಿಲ್ಲ, ಅವರೂ ಯಾವ ಕಂಪನಿಯ ಬಾಗಿಲು ತಟ್ಟಲಿಲ್ಲ. ಹೊಟ್ಟೆಗೆ ಬೇರೆ ಕೆಲಸವಿತ್ತು. ಕೇಳುವವರು ನೂರಿದ್ದವರು ಸಾವಿರವಾದರು, ಸಾವಿರ ಹತ್ತು ಸಾವಿರವಾಗಿ ಬೆಳೆಯಿತು.

ಆಮೇಲೆ ಕೊಕ್ಕರೆಯ ಕತ್ತಿನಲ್ಲಿ ಗಡ್ಡೆ ಕಾಣಿಸಿತು. ಥೈರಾಯ್ಡ್ ಆಪರೇಷನ್ನು. ಗಡ್ಡೆಯೇನೋ ಹೋಯಿತು, ದನಿಯ ನರಕ್ಕೆ ಪೆಟ್ಟಾಗಿ ದನಿಯೂ ಅದರ ಹಿಂದೆಯೇ ಹೋಯಿತು. ಆರು ತಿಂಗಳ ಮೇಲೆ ಬಂದದ್ದು ಬೇರೆಯೇ ದನಿ. ತಗ್ಗು, ಒರಟು, ಮೇಲಕ್ಕೆ ಹತ್ತಿಸಿದರೆ ಪರ್ರೆಂದು ಹರಿಯುವುದು. "ಜೀವ ಉಳೀತಲ್ಲಮ್ಮ, ಸಂತೋಷಪಡಿ," ಎಂದರು ಡಾಕ್ಟರು. ಕೊಕ್ಕರೆ ಸಂತೋಷಪಟ್ಟಳು, ಸಿಟ್ಟೂ ಮಾಡಿಕೊಂಡಳು. ಎರಡೂ ಒಟ್ಟಿಗೆ ಆಗಬಾರದೆಂದು ಎಲ್ಲಿ ಬರೆದಿದೆ?

ಅವಳ ಕೆಲಸ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೊತ್ತು ಹೇಳುವುದು. ಹಿಂದೆ ರೆಕಾರ್ಡ್ ಮಾಡಿಟ್ಟಿದ್ದ ಅವಳ ದನಿಯನ್ನು ನಿಲ್ದಾಣದವರು ಉಳಿಸಿಕೊಂಡರು, ಅವಳನ್ನು ಮಾತ್ರ ಕಳೆದುಹೋದ ಸಾಮಾನುಗಳ ಕೋಣೆಗೆ ಕಳಿಸಿದರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತು ಅವಳು ದಿನಕ್ಕೆ ಇನ್ನೂರು ಸಲ ತನ್ನನ್ನೇ ಕೇಳಿಸಿಕೊಳ್ಳಬೇಕಿತ್ತು. ಒಂದು ದಿನ ಕೊಡೆ ಹುಡುಕಿಕೊಂಡು ಬಂದ ಅಜ್ಜಿಯೊಬ್ಬಳು ಮೇಲಿನ ಸ್ಪೀಕರಿನತ್ತ ಕೈ ತೋರಿಸಿ, "ಆ ಹುಡುಗಿ ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡು. ನಿನಗೇನಮ್ಮ, ನೆಗಡೀನಾ?" ಎಂದಳು.

"ಆ ಹುಡುಗಿ ಹೋಗ್ಬಿಟ್ಲು ಅಜ್ಜಿ," ಎಂದಳು ಕೊಕ್ಕರೆ. "ಈಗ ಇರೋದು ನಾನು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಅಂದು ಊಟದ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು ಎಂಟು ತಿಂಗಳಲ್ಲಿ ಮೊದಲ ಸಲ ಹಾಡಿದಳು. ಕೇಳಲು ಚೆನ್ನಾಗಿರಲಿಲ್ಲ. ಮಾರನೆಯ ದಿನವೂ ಹಾಡಿದಳು. ತಿಂಗಳು ಕಳೆಯುವಷ್ಟರಲ್ಲಿ ತಗ್ಗಿನ ಸ್ವರಗಳು ಹೇಳಿದ ಮಾತು ಕೇಳತೊಡಗಿದವು.

ಅಷ್ಟರಲ್ಲೇ ದೊಡ್ಡದೊಂದು ಸಂಗೀತ ಮೇಳದಿಂದ ಕರೆ ಬಂತು. ಹತ್ತು ವರ್ಷದಲ್ಲಿ ಇಂಥ ವೇದಿಕೆ ಸಿಕ್ಕಿದ್ದಿಲ್ಲ. ಮೇಳದ ಸಂಘಟಕ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೊಕ್ಕರೆಗೆ ಹೇಳಿದ: "ಮೇಡಂ, ನಿಮ್ಮ ವಿಷಯ ಕೇಳಿದೆ, ಬೇಜಾರಾಯ್ತು. ಹಳೇ ದನಿ ಹಾಕೋಣ, ನೀವು ಬಾಯಿ ಆಡಿಸಿದ್ರೆ ಸಾಕು. ಜನಕ್ಕೆ ಬೇಕಾಗಿರೋದು ಆ ದನಿ."

ಈಗ ಮೆಣಸು ಇವನ ಚರ್ಮ ಸುಲಿಯುತ್ತಾಳೆ ಎಂದು ಕೊಕ್ಕರೆ ಕಾದಳು. ಮೆಣಸು ನೆಲ ನೋಡುತ್ತ, "ಟ್ರ್ಯಾಕು ರೆಡಿ ಇದೆ ಸಾರ್," ಎಂದಳು.

ಮೆಣಸಿಗೆ ಹಲ್ಲಿನ ಲ್ಯಾಬಿನಲ್ಲಿ ಕೆಲಸ. ಮೇಣದಲ್ಲಿ ಅಚ್ಚು ಹಿಡಿದು, ಒಂದು ಹಲ್ಲು ಪಕ್ಕದ ಹಲ್ಲಿಗೆ ಕೂರುವವರೆಗೆ ಉಜ್ಜಿ ಉಜ್ಜಿ ಸೆಟ್ಟು ಕಟ್ಟುವವಳು ಅವಳು. ಅದೇ ಕೈಯಿಂದ ನಾಲ್ಕು ತಿಂಗಳು, ಯಾರಿಗೂ ಹೇಳದೆ, ಹಳೆಯ ಕಾರ್ಯಕ್ರಮಗಳ ರೆಕಾರ್ಡಿಂಗುಗಳನ್ನೆಲ್ಲ ಕಲೆಹಾಕಿ, ಕೊಕ್ಕರೆಯ ದನಿಯನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ ಜೋಡಿಸಿ ಆರು ಹಾಡು ಕಟ್ಟಿದ್ದಳು. ಎಲ್ಲೂ ಸಂದು ಕಾಣದು. ಮರುದಿನ ಲ್ಯಾಬಿನಲ್ಲಿ ಅದನ್ನು ಕೇಳಿಸಿದಾಗ ಕೊಕ್ಕರೆಗೆ ಅಳು ಬಂತು, ಅಷ್ಟು ಚೆನ್ನಾಗಿತ್ತು.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ನಿನಗೋಸ್ಕರ ಕಣೇ ಮಾಡಿದ್ದು. ಜನ ನಕ್ಕರೆ ನೀನು ತಡ್ಕೊಳ್ಳಲ್ಲ."

"ತಡ್ಕೊಳ್ದೇ ಇರೋದು ನಾನೋ, ನೀನೋ?"

ಮೆಣಸು ಮೇಣದ ಅಚ್ಚೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಪ್ಲಾಸ್ಟರಿನ ದವಡೆಗಳು ಇಬ್ಬರನ್ನೂ ನೋಡಿ ಹಲ್ಲು ಕಿಸಿಯುತ್ತಿದ್ದವು.

"ಹಲ್ಲು ಬೇಕು ಅಂದೋರಿಗೆ ನೀನು ಹಲ್ಲು ಕಟ್ಟು," ಎಂದಳು ಕೊಕ್ಕರೆ. "ನನಗೆ ಬೇಡ. ನಾನು ಬೊಚ್ಚುಬಾಯಲ್ಲೇ ಹಾಡ್ತೀನಿ. ಆ ಟ್ರ್ಯಾಕು ಹಾಕಿದ್ಯೋ, ನಾನು ಅಲ್ಲೇ ವೇದಿಕೆಯಿಂದ ಇಳೀತೀನಿ. ನಿನಗೂ ನನಗೂ ಅಲ್ಲಿಗೆ ಮುಗೀತು."

"ಮೇಲಿನ ಸಾಲು ಬಂದಾಗ ದನಿ ಒಡೆಯುತ್ತೆ."

"ಒಡೀಲಿ."

"ನಗ್ತಾರೆ ಕಣೇ."

"ನಗಲಿ. ನಕ್ಕು ನಕ್ಕು ಹಲ್ಲು ಉದುರಿದ್ರೆ ನೀನಿದೀಯಲ್ಲ, ಕಟ್ಟಿಕೊಡು."

ಮೆಣಸು ಅಳುತ್ತಲೇ ನಕ್ಕಳು. ಆದರೆ ಹೂಂ ಎನ್ನಲಿಲ್ಲ. ಮೇಳದ ದಿನ ಅವಳು ಗಿಟಾರಿನ ಜೊತೆ ಲ್ಯಾಪ್‌ಟಾಪನ್ನೂ ತಂದು, ವೈರು ಸಿಕ್ಕಿಸಿ, ಪಕ್ಕದ ಸ್ಟೂಲಿನ ಮೇಲಿಟ್ಟಳು. ಕೊಕ್ಕರೆ ನೋಡಿದಳು, ಕೇಳಲಿಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿ ಆಗಿತ್ತು.

ಇನ್ನೂ ಬೆಳಕಿತ್ತು. ಮುಂದೆ ಮೂರು ಸಾವಿರ ಜನ. ಮೊದಲ ಹಾಡು ವಾರ್ಡನ್ ಮೇಲಿನ ಸಿಟ್ಟಿಗೆ ಬರೆದದ್ದು. ಕೊಕ್ಕರೆ ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. "ಯಾರೇ ಇವಳು?" ಎಂದದ್ದು ವೇದಿಕೆಗೇ ಕೇಳಿಸಿತು. ತಗ್ಗಿನಲ್ಲಿ ಹಾಡು ಹೇಗೋ ನಡೆಯಿತು. ಆಮೇಲೆ ಆ ಸಾಲು ಬಂತು:

ಬಾಗಿಲು ನಿಮ್ಮದಿರಲಿ, ಕಿಟಕಿ ನಮ್ಮದು.

ಕಿಟಕಿ ಎನ್ನುವಲ್ಲಿ ದನಿ ಒಡೆದು ಹೋಳಾಯಿತು. ಎಡಗಡೆಯಿಂದ ನಗು ಎದ್ದಿತು, ಒಬ್ಬ ಸಿಳ್ಳೆ ಹಾಕಿದ. ಕೊಕ್ಕರೆಯ ಕಿವಿ ಕಾದವು. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳು. ಪರದೆಯ ಪಕ್ಕದಲ್ಲಿ ನಿಂತಿದ್ದ ಸಂಘಟಕ ಮೆಣಸಿನತ್ತ ತಿರುಗಿ, ಹಾಕು, ಹಾಕು, ಎಂದು ಬೆರಳು ಆಡಿಸುತ್ತಿದ್ದ. ಮೆಣಸಿನ ಕೈ ಗಿಟಾರು ಬಿಟ್ಟು ಲ್ಯಾಪ್‌ಟಾಪಿನತ್ತ ಹೋಯಿತು. ಕೊಕ್ಕರೆ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಇಳಿಯುವುದೆಂದರೆ ಇಳಿಯುವುದೇ.

ಮೆಣಸು ವೈರನ್ನು ಕಿತ್ತು ಕೆಳಗೆ ಬಿಸಾಡಿದಳು.

"ಅದೇ ಸಾಲು," ಎಂದಳು. "ಇನ್ನೊಂದು ಸಲ."

ಕೊಕ್ಕರೆ ಮುಂದೆ ಬಂದು ಹಾಡಿದಳು. ಅಲ್ಲೇ ಒಡೆಯಿತು. ಮತ್ತೆ ಹಾಡಿದಳು. ಮೂರನೆಯ ಸಲ ಒಡೆಯುವ ಜಾಗವನ್ನು ತಪ್ಪಿಸಲು ನೋಡದೆ ಇದ್ದ ಉಸಿರನ್ನೆಲ್ಲ ಅದರ ಮೇಲೇ ಹೇರಿದಳು. ಹರಿದ ದನಿ ಹರಿದ ಹಾಗೆಯೇ ಬಯಲ ಕೊನೆಯವರೆಗೆ ಹೋಯಿತು. ಕೆಲವರು ಎದ್ದು ಹೋದರು. ಸಿಳ್ಳೆ ಹಾಕಿದವನು ಕೈ ಕಟ್ಟಿ ಕೂತ. ಹಾಡು ಮುಗಿದಾಗ ಅಲ್ಲಲ್ಲಿ ಚಪ್ಪಾಳೆ ಬಂತು, ಬಹಳವೇನಲ್ಲ.

ಸಂಘಟಕ ಕೆಂಪು ಮುಖ ಮಾಡಿಕೊಂಡು, ಸಾಕು, ಇಳೀರಿ, ಎಂದು ಕೈಸನ್ನೆ ಮಾಡಿದ. ಮೆಣಸು ಆಗಲೇ ಮುಂದಿನ ಹಾಡಿಗೆ ಗಿಟಾರಿನ ತಂತಿಯ ಶ್ರುತಿ ಇಳಿಸುತ್ತಿದ್ದಳು. ಕೊಕ್ಕರೆ ನೀರು ಕುಡಿದು, ಬಾಟಲಿಯ ಮುಚ್ಚಳ ಹಾಕಿ, ಮೂರು ಸಾವಿರ ಜನಕ್ಕೂ ಕೇಳುವ ಹಾಗೆ ಮೈಕಿನಲ್ಲೇ ಹೇಳಿದಳು:

"ಇನ್ನೂ ಐದು ಹಾಡಿದೆ ಸಾರ್. ಕೂತ್ಕೊಂಡು ಕೇಳಿ."