ಹಿಂದಿನ ಸಾಲಿನ ಪಿಟೀಲು

ಆಸ್ಟ್ರೇಲಿಯಾದ ಹೋಬಾರ್ಟಿನ ತನ್ನ ಮನೆಯಲ್ಲೇ ಕುಳಿತು ಬ್ರಿಯೋನಿ ಊರೂರಿನ ಗಾಯಕರ ಹಾಡುಗಳಿಗೆ ಪಿಟೀಲು ನುಡಿಸಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಒಬ್ಬಳೇ ಎಂಟು ಸಲ ನುಡಿಸಿ, ಒಂದರ ಮೇಲೊಂದು ಕೂಡಿಸಿದರೆ ಎಂಟು ಜನರ ತಂಡ. ಒಂದೇ ಕೈ ಎಂದು ಗೊತ್ತಾಗದಿರಲೆಂದು ಪ್ರತಿ ಸಲವೂ ಕುರ್ಚಿಯನ್ನು ಅತ್ತಿತ್ತ ಸರಿಸುವಳು. ಆದರೂ ಅಡಿಲೇಡಿನ ಗಾಯಕ ಕೆಲ್ವಿನ್ ಫೋನಿನಲ್ಲಿ ರಾಗ ಎಳೆದ.

"ಒಬ್ಬಳೇ ಎಂಟು ಟೋಪಿ ಬದಲಾಯಿಸಿದ ಹಾಗಿದೆ ಮಾರಾಯ್ತಿ. ನಾಳೆಯೊಳಗೆ ಸರಿಯಾಗದಿದ್ರೆ ಕಂಪ್ಯೂಟರ್ ಪಿಟೀಲೇ ಹಾಕ್ತೀನಿ."

ಆ ಸಂಜೆ ಬ್ರಿಯೋನಿ, ಮಗಳು ಟಿಲ್ಲಿಯನ್ನು ಕೇಳದೆಯೇ ಅವಳ ಪುಟ್ಟ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು, ಎಂಟರಲ್ಲಿ ಕೊನೆಯ ಎರಡು ಸಲ ಅದರಲ್ಲೇ ನುಡಿಸಿ ಕಳಿಸಿದಳು.

ಬೆಳಗ್ಗೆ ಕೆಲ್ವಿನ್ ಕರೆ ಮಾಡಿದ. "ಹಿಂದಿನ ಸಾಲಲ್ಲಿ ಯಾರದು, ಮೂಗಲ್ಲಿ ಹಾಡೋ ಹಾಗೆ ನುಡಿಸೋಳು? ಅವಳು ಬಂದ್ಮೇಲೆ ನಿಜವಾಗ್ಲೂ ಜನ ಸೇರಿದ ಹಾಗಿದೆ! ಇನ್ನುಳಿದ ನಾಲ್ಕು ಹಾಡೂ ನಿಂಗೇ."

ಬ್ರಿಯೋನಿ ಉಸಿರು ಬಿಡುವಷ್ಟರಲ್ಲಿ ಶಾಲೆಯಿಂದ ಫೋನು ಬಂತು. ಇವತ್ತು ಪಿಟೀಲು ಪಾಠ. ಟಿಲ್ಲಿ ಹೊತ್ತೊಯ್ದ ಪೆಟ್ಟಿಗೆ ಖಾಲಿ. ಪಿಟೀಲು ಇನ್ನೂ ಮೈಕಿನ ಪಕ್ಕದ ಕುರ್ಚಿಯ ಮೇಲೇ ಇತ್ತು. ಅದನ್ನೆತ್ತಿಕೊಂಡು ಓಡಿದಳು.

"ಎಲ್ಲಾರೂ ನಕ್ರು ಅಮ್ಮಾ! ನಿನ್ಹತ್ರ ಎರಡಿವೆ, ನಂದ್ಯಾಕೆ ಬೇಕಿತ್ತು?" ಶಾಲೆಯ ಬಾಗಿಲಲ್ಲೇ ಟಿಲ್ಲಿ ಸಿಡುಕಿದಳು.

"ತಪ್ಪಾಯ್ತು ಕಣೇ. ನನ್ನೆರಡರಿಂದ ಆಗ್ಲಿಲ್ಲ. ನಿಂದೇ ನನ್ನ ಕೆಲ್ಸ ಉಳಿಸ್ತು."

ಟಿಲ್ಲಿಯ ಮುಖ ಸಡಿಲವಾಯಿತು. "ಹಾಗಾದ್ರೆ ಹಾಡಿನ ಜೊತೆ ಅದರ ಹೆಸ್ರೂ ಹಾಕ್ಸು."

ಮಧ್ಯಾಹ್ನ ಬ್ರಿಯೋನಿ ಕೆಲ್ವಿನ್‌ಗೆ ವಾದ್ಯಗಾರರ ಪಟ್ಟಿ ಕಳಿಸಿದಳು. ಅದರಲ್ಲಿ ತನ್ನ ಹೆಸರಿಗಿಂತ ಮೇಲೆ, 'ಟಿಲ್ಲಿಯ ಪಿಟೀಲು' ಎಂದು ಬರೆದಿದ್ದಳು.