ಪಾಕ ನೋಡುವ ಬೆರಳು

ನಾನು ಒಂದು ಕಡ್ಡಿ. ವ್ಯಾನಿನ ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡುವ ಉಕ್ಕಿನ ಕಡ್ಡಿ. ಮೊಳದುದ್ದದ ಮೈ, ತುದಿಯಲ್ಲಿ ಎರಡು ಗೆರೆ, ತಲೆಗೊಂದು ಉಂಗುರ. ಕಾರ್ಖಾನೆಯಲ್ಲಿ ನನ್ನನ್ನು ಕತ್ತರಿಸಿ, ಗೆರೆ ಕೊರೆದು, ಕತ್ತಲೆ ಕೊಳವೆಯೊಳಗೆ ಇಳಿಬಿಟ್ಟರು. ಅಲ್ಲಿಂದಾಚೆ ಯಾರಾದರೂ ಹೊರಗೆಳೆದು ಒರೆಸಿ ನೋಡುವ ಅರ್ಧ ನಿಮಿಷವೇ ನನ್ನ ಹಗಲು. ಎಣ್ಣೆ ಎಷ್ಟಿದೆ ಎಂದು ಸುಳ್ಳಿಲ್ಲದೆ ಹೇಳುತ್ತೇನೆ. ಎಂಥದ್ದು ಎಂದರೆ ಮಾತ್ರ ನನಗೆ ಬಾಯಿಲ್ಲ.

ಮೊದಲ ಯಜಮಾನರು ಹುನಗುಂದದ ದನದ ಡಾಕ್ಟರು. ವ್ಯಾನಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಎಣ್ಣೆ ಬರೆದಿತ್ತೋ ಅದನ್ನೇ ಹಾಕಿಸುತ್ತಿದ್ದರು. ವರ್ಗವಾದಾಗ ವ್ಯಾನನ್ನೂ ಪುಸ್ತಕವನ್ನೂ ಅಮೀನಗಡದ ಕಾಶವ್ವನಿಗೆ ಮಾರಿ ಹೋದರು.

ಕಾಶವ್ವ ಕರದಂಟು ಮಾಡುವವಳು. ತಾನೇ ವ್ಯಾನು ಓಡಿಸಿಕೊಂಡು ಅಂಗಡಿಗಳಿಗೆ ಹಾಕಿ ಬರುತ್ತಿದ್ದಳು. ಬೆಲ್ಲದ ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಎರಡು ಬೆರಳಲ್ಲಿ ಎಳೆ ತೆಗೆದು ಹೇಳುತ್ತಿದ್ದಳು, ಒಮ್ಮೆಯೂ ತಪ್ಪಿದ್ದಿಲ್ಲ. ಮುಂದಿನ ಸೀಟು ಎತ್ತಿ ನನ್ನನ್ನು ಮೊದಲ ಸಲ ಹೊರಗೆಳೆದ ದಿನ ಆ ಬೆರಳಿನಿಂದಲೇ ಎಣ್ಣೆ ಮುಟ್ಟಿ ಮುಖ ಸಿಂಡರಿಸಿದಳು. ಎಳೆಯೇ ಬರಲಿಲ್ಲ.

ಮೆಕ್ಯಾನಿಕ್ ಮೌಲಾಸಾಬ ಪುಸ್ತಕ ತೋರಿಸಿದ. ಈ ಎಣ್ಣೆ ಚಳಿಯಲ್ಲಿ ಗಟ್ಟಿಯಾಗುವುದಿಲ್ಲ, ಬಿಸಿಯಾದಾಗ ತೀರ ನೀರೂ ಆಗುವುದಿಲ್ಲ, ಇದಕ್ಕೆ ಇದೇ ಸರಿ ಎಂದ. ಕಾಶವ್ವ ಹಿಡಿದ ಮೊಲಕ್ಕೆ ಮೂರೇ ಕಾಲು.

“ನನ್ನ ಬೆರಳಿಗಿಂತ ನಿನ್ನ ಪುಸ್ತಕ ಶಾಣ್ಯಾ ಏನೋ, ಮೌಲಾ?”

ಹಳೇ ಲಾರಿಗೆ ಹಾಕುವ ದಪ್ಪ ಎಣ್ಣೆ ಹಾಕಿಸಿದಳು. ಬೇಸಿಗೆಯೆಲ್ಲ ವ್ಯಾನು ಓಡಿತು. ದಿನಾ ಬೆಳಿಗ್ಗೆ ನನ್ನನ್ನು ತೆಗೆದು, ಸೆರಗಿನ ಚುಂಗಿನಿಂದ ಒರೆಸಿ, ಎಳೆ ನೋಡಿ ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಸೆರಗಿನ ಆಸೆಗೆ ನನಗೂ ತಪ್ಪು ಕಾಣಲಿಲ್ಲ.

ಆಮೇಲೆ ಚಳಿ ಬಂತು. ಮೊಬೈಲ್ ಇಲ್ಲದ ಕಾಲ. ಒಂದು ಸಂಜೆ ಕಿರಾಣಿ ಅಂಗಡಿಯ ಫೋನಿಗೆ ಹುಬ್ಬಳ್ಳಿ ಆಸ್ಪತ್ರೆಯಿಂದ ಕಾಶವ್ವನ ಅಕ್ಕ ಗಿರಿಜವ್ವನ ಸುದ್ದಿ ಬಂತು. ತಾಯಿಲ್ಲದ ಮೂರು ವರ್ಷದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಗಂಟಲಲ್ಲಿ ಗಡ್ಡೆ; ಮರುದಿನ ಒಂಬತ್ತಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಮಾತು ಇರುವಾಗಲೇ ಒಮ್ಮೆ ಬಾ ಎಂದು ಅಕ್ಕ ಹೇಳಿ ಕಳಿಸಿದ್ದಳು. ಮೊದಲ ಬಸ್ಸು ಮುಟ್ಟುವುದೇ ಹತ್ತಕ್ಕೆ. ಬೆಳಗಿನ ಜಾವ ಐದಕ್ಕೆ ವ್ಯಾನು ಬಿಟ್ಟರೆ ಎಂಟಕ್ಕೆ ಅಕ್ಕನ ಹತ್ತಿರ ಇರುತ್ತೇನೆ ಎಂದು ಕಾಶವ್ವ ಲೆಕ್ಕ ಹಾಕಿದಳು.

ಐದಕ್ಕೆ ಕೀಲಿ ತಿರುಗಿಸಿದಳು. ನನ್ನ ಕಾಲಬುಡದಲ್ಲಿ ಎಣ್ಣೆ ಹೆಪ್ಪುಗಟ್ಟಿದ ಹಾಗೆ ಕೂತಿತ್ತು. ಎಂಜಿನ್ನು ನರಳಿತೇ ಹೊರತು ತಿರುಗಲಿಲ್ಲ. ನಾಲ್ಕನೇ ಸಲಕ್ಕೆ ಬ್ಯಾಟರಿ ಕೈಕೊಟ್ಟಿತು. ಓಣಿಯವರು ಬಂದು ತಳ್ಳಿದರು, ಆಗಲಿಲ್ಲ. ಓಡಿ ಬಂದ ಮೌಲಾಸಾಬ ಎಣ್ಣೆ ಬಿಸಿ ಮಾಡಲೇಬೇಕೆಂದ. ಕಾಶವ್ವ ಕರದಂಟಿನ ಒಲೆಯಿಂದ ಕೆಂಡ ಬುಟ್ಟಿಯಲ್ಲಿ ತಂದು ಎಂಜಿನ್ನಿನ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತಳು.

“ಆರಿದ ಪಾಕಾ ಕಲ್ಲಾಗತೈತಿ ಅಂತ ನನಗಿಂತ ಚಲೋ ಯಾರಿಗೆ ಗೊತ್ತೈತಿ, ಮೌಲಾ?” ಎಂದಳು.

ಮೌಲಾಸಾಬ ಕೆಂಡಕ್ಕೆ ಗಾಳಿ ಹಾಕುತ್ತ ಕೂತ. ನನಗಂತೂ ಆಗ ಅತ್ತುಬಿಡಬೇಕೆನಿಸಿತ್ತು. ಎಣ್ಣೆಯ ಮಟ್ಟ ಮೇಲಿನ ಗೆರೆಗೆ ಸರಿಯಾಗಿಯೇ ಇತ್ತು!

ಎಣ್ಣೆ ಕಾದು, ಓಣಿಯವರು ಮತ್ತೆ ತಳ್ಳಿ ವ್ಯಾನು ಎದ್ದದ್ದು ಏಳೂವರೆಗೆ, ಹುಬ್ಬಳ್ಳಿ ಮುಟ್ಟಿದ್ದು ಹತ್ತೂವರೆಗೆ. ಅಷ್ಟರಲ್ಲಿ ಅಕ್ಕನನ್ನು ಒಳಗೆ ಕರೆದೊಯ್ದಾಗಿತ್ತು.

ಊರಿಗೆ ಬಂದವಳೇ ಪುಸ್ತಕದ ಎಣ್ಣೆ ಹಾಕಿಸಿದಳು. ಗುಣವಾದ ಅಕ್ಕನನ್ನು ಮನೆಗೇ ಕರೆತಂದಳು. ಅಕ್ಕ ಹೇಳಬೇಕಾದ್ದನ್ನು ಪಾಟಿಯ ಮೇಲೆ ಬರೆಯುತ್ತಿದ್ದಳು. ಆ ದಿನದ ಮಾತೊಂದನ್ನು ಕೇಳುವ ಧೈರ್ಯ ಕಾಶವ್ವನಿಗೆ ಆರು ತಿಂಗಳು ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ, ನನ್ನನ್ನು ಕೈಯಲ್ಲಿ ಹಿಡಿದು, ಅಕ್ಕನ ಮುಖ ನೋಡದೆ ಕೇಳಿದಳು.

“ಅಕ್ಕಾ, ಅವತ್ತ ನನಗ ಏನ್ ಹೇಳಬೇಕಂತ ಮಾಡಿದ್ದಿ?”

ಬಳಪ ಕರಕರ ಎಂದಿತು. ಕಾಶವ್ವ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: “ಹೇಳೂದೇನ್ ಇದ್ದಿಲ್ಲ. ಕಾಶೀ ಅಂತ ಒಮ್ಮೆ ಕರೀಬೇಕಿತ್ತು.”

ಅವತ್ತು ಅವಳು ನನ್ನನ್ನು ಒರೆಸದೆಯೇ ಒಳಗಿಟ್ಟಳು.

ತಳ ತುಕ್ಕು ಹಿಡಿಯುವವರೆಗೂ ವ್ಯಾನು ಎಂಥ ಚಳಿಯಲ್ಲೂ ಒಂದೇ ಸಲಕ್ಕೆ ಏಳುತ್ತಿತ್ತು. ಈಗ ನಾನು ಇಳಕಲ್ಲಿನ ಗುಜರಿ ಅಂಗಡಿಯ ತಗಡಿನ ಡಬ್ಬಿಯಲ್ಲಿ, ಯಾವ್ಯಾವುದೋ ಗಾಡಿಗಳ ಕಡ್ಡಿಗಳ ನಡುವೆ ಇದ್ದೇನೆ. ಎಣ್ಣೆ ಕಂಡು ವರ್ಷಗಳಾದವು. ಅದರ ಆಸೆಯೂ ಇಲ್ಲ. ಇಲ್ಲಿ ಅಂಗಡಿಯವರು ದಿನವಿಡೀ ಒಬ್ಬರನ್ನೊಬ್ಬರು ಕೂಗುತ್ತಾರೆ, ಓಗೊಡುತ್ತಾರೆ. ನನ್ನ ಜೀವ ಹಂಬಲಿಸುವುದು ಬೇರೆಯದಕ್ಕೆ. ಆ ಪಾಟಿ ಓದಿದಂದಿನಿಂದ ದಿನಾ ಬೆಳಿಗ್ಗೆ ಅಕ್ಕ ವ್ಯಾನು ಹತ್ತಿ ಪಕ್ಕದಲ್ಲಿ ಕೂತ ಮೇಲೆ, ಕೀಲಿ ತಿರುಗಿಸುವ ಮೊದಲು, ಒಂದು ಗಳಿಗೆ ಸದ್ದೇ ಇರುತ್ತಿರಲಿಲ್ಲ. ಅಕ್ಕನ ತುಟಿ ಅಲ್ಲಾಡಿದ್ದು ಸೀಟಿನ ಕೆಳಗಿನ ಕತ್ತಲೆಯಲ್ಲಿದ್ದ ನನಗೆ ಕಾಣುವುದಾದರೂ ಹೇಗೆ? ನನಗೆ ಕೇಳುತ್ತಿದ್ದದ್ದು ಕಾಶವ್ವನ ದನಿ ಮಾತ್ರ.

“ಓ, ಅಕ್ಕಾ.”